ಸಾಲಗಾರನ ಹೊರೆ, ಜಮಾಅತ್‌ನ ಹೊಣೆ



3 ದೀನಾರ್ ಸಾಲವಿದ್ದು, ತೀರಿಸಲು ಏನನ್ನೂ ಬಿಟ್ಟುಹೋಗದ ಒಬ್ಬರ ಜನಾಝಾ ಬಂದಾಗ ಪ್ರವಾದಿಯವರು(ಸ) ನಮಾಝಿಗೆ ಮುಂದೆ ನಿಲ್ಲಲಿಲ್ಲ. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ಹೊಣೆ ಹೊತ್ತ ಬಳಿಕವೇ ನಿಂತರು. ಸಾಲ ಹಗುರವಲ್ಲ, ಆದರೆ ಅದನ್ನು ಒಬ್ಬರೇ ಹೊರಬೇಕೆಂದಿಲ್ಲ.

ಸೂರಃ ತೌಬಾದ 60ನೇ ಆಯತ್ ಹೇಳುವ ಝಕಾತ್‌ನ 8 ಹಕ್ಕುದಾರರಲ್ಲಿ ಸಾಲಗಾರರೂ ಇದ್ದಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಮೊಹಲ್ಲಾಗಳಲ್ಲಿ ವಾರದ ಕಂತು ಕಟ್ಟಲಾಗದೆ ಬಾಗಿಲು ಮುಚ್ಚಿ ಕೂರುವ ಕುಟುಂಬ ಜಮಾಅತ್‌ನ ನೆರವು ಕೇಳಿದರೆ ಅದು ಭಿಕ್ಷೆಯಲ್ಲ.

ಸಾಲದಲ್ಲಿರುವವರೇ, ಯಾರಿಗೆ ಎಷ್ಟು ಕೊಡಬೇಕು, ಅಸಲೆಷ್ಟು, ಬಡ್ಡಿಯೆಷ್ಟು ಎಂದು ಮುಚ್ಚಿಡದೆ ಬರೆದು ತನ್ನಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡಿ. ನೆರವಾಗುವವರೇ, ಅವರ ಹೆಸರನ್ನು ವಾಟ್ಸಾಪ್‌ನಲ್ಲಿ ಹರಡಬೇಡಿ, ಮಾನವೂ ಅಮಾನತ್ತೇ. ಸಾಲ ಕೊಟ್ಟವರೇ, ಕಷ್ಟದಲ್ಲಿರುವವರಿಗೆ ಸಮಯ ಕೊಡಿ; ಮನ್ನಾ ಮಾಡಿದರೆ ಇನ್ನೂ ಉತ್ತಮ. ಸೂರಃ ಬಕರಾದ 280ನೇ ಆಯತ್‌ನ ಬೋಧನೆ ಇದೇ.

ಕಿರುಸಾಲ ವಸೂಲಿಯಲ್ಲಿ ನಡೆಯುವ ಬಲವಂತವನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯ ಕಾನೂನನ್ನೂ ತಂದಿದೆ. ಯಾರಾದರೂ ಮನೆಗೆ ಬಂದು ಬೆದರಿಸಿದರೆ ಊರು ಬಿಡಬೇಡಿ, ಜೀವಕ್ಕೆ ಕೈ ಹಾಕಿಕೊಳ್ಳಬೇಡಿ. ಜಮಾಅತ್‌ನವರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಡಿ.

ಅಲ್ಲಾಹನು ನಮ್ಮೆಲ್ಲರನ್ನು ಸಾಲದ ಭಾರದಿಂದ ಕಾಪಾಡಲಿ. ಆಮೀನ್.