ಗೋಪುರ ಏಳ್ತಿದೆ, ಕೂರೋರು ಎಷ್ಟು ಜನ?

ಬೆಂಗಳೂರು: ಮಹಾತ್ಮ ಗಾಂಧಿ ರಸ್ತೆಯಲ್ಲಿ ಕತ್ತೆತ್ತಿದರೆ ಇವತ್ತಿಗೂ ಮೊದಲು ಕಣ್ಣಿಗೆ ಬೀಳೋದು ಹಳೇ ಪಬ್ಲಿಕ್ ಯುಟಿಲಿಟಿ ಕಟ್ಟಡ. ಎಪ್ಪತ್ತರ ದಶಕದಲ್ಲಿ ಅದರ 25 ಅಂತಸ್ತು ಮೇಲೆದ್ದಾಗ ಊರಿಂದ ಬಂದ ನೆಂಟರನ್ನು ಕರೆದೊಯ್ದು ತೋರಿಸುವ ವಸ್ತು ಅದಾಗಿತ್ತು. ಆಮೇಲೆ ವಿಧಾನಸೌಧದ ಆಸುಪಾಸಿನಲ್ಲೇ ಜೀವ ವಿಮಾ ನಿಗಮದ ವಿಶ್ವೇಶ್ವರಯ್ಯ ಗೋಪುರ ಎದ್ದಿತು. ಆಗಿನ ಲೆಕ್ಕ ಸುಲಭ. ಕುರ್ಚಿ ಹಾಕಿದರೆ ಗುಮಾಸ್ತ ಬಂದೇ ಬರ್ತಾನೆ. ಬಾರದಿದ್ದರೆ ಸಂಬಳ ಇಲ್ಲ.

2020ರ ಮಾರ್ಚ್‌ನಲ್ಲಿ ಈ ಲೆಕ್ಕ ಕೈಕೊಟ್ಟಿತು. ಕೊರೊನಾ ಬಂತು, ಬೀಗ ಬಿತ್ತು, ಐಟಿಯವರು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಹಾಸನ, ದಾವಣಗೆರೆ, ಕುಂದಾಪುರ ಸೇರಿದರು. ಕೆಲಸವೇನೂ ನಿಲ್ಲಲಿಲ್ಲ. ನಿಂತಿದ್ದು ಕಚೇರಿ ಎದುರಿನ ಚಹಾ ಡಬ್ಬಿ, ಇಡ್ಲಿ ಗಾಡಿ, ಪಿಜಿ ಮನೆಗಳ ಒಲೆ. ಕಂಪನಿ ಓಡಿಸುತ್ತಿದ್ದ ಕ್ಯಾಬುಗಳು ಮನೆ ಮುಂದೆ ನಿಂತವು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಾವಲುಗಾರನಿಗೂ ಕಸ ಗುಡಿಸುವ ಹೆಂಗಸಿಗೂ ಮನೆಯಿಂದಲೇ ಕೆಲಸ ಅನ್ನೋ ಭಾಗ್ಯ ಯಾರೂ ಕೊಡಲಿಲ್ಲ.

ಇನ್ನೊಂದು ತಮಾಷೆ ನೋಡಿ. 2021ರ ಆಗಸ್ಟ್‌ನಲ್ಲಿ ಸರ್ಕಾರವೇ ಕಾಗದ ಬರೆದು, ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ನಡೀತಿದೆ, 2022ರ ಡಿಸೆಂಬರ್‌ವರೆಗೆ ನಿಮ್ಮವರು ಮನೆಯಲ್ಲೇ ಕೂತು ಕೆಲಸ ಮಾಡಲಿ ಎಂದು ಐಟಿ ಕಂಪನಿಗಳನ್ನು ಕೇಳಿಕೊಂಡಿತು. ಅಂದರೆ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡಿದ ಊರೇ, ಆ ಕಟ್ಟಡಕ್ಕೆ ಜನ ಬಾರದಿದ್ದರೆ ಒಳ್ಳೇದು ಅಂದಹಾಗಾಯ್ತು!

ದಿಲ್ಲಿಯಲ್ಲೂ ಬಿಸಿ ತಟ್ಟಿತು. ವಿಶೇಷ ಆರ್ಥಿಕ ವಲಯದ ಕಚೇರಿಗಳಿಗೆ 2022ರ ಜುಲೈನಲ್ಲಿ ಅರ್ಧ ಮಂದಿಗೆ ಮನೆಗೆಲಸದ ಅನುಮತಿ ಕೊಟ್ಟರು, ಡಿಸೆಂಬರ್‌ನಲ್ಲಿ ಎಲ್ಲರಿಗೂ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ನಿಯಮವನ್ನೇ ಸಡಿಲಿಸಿ, ಖಾಲಿ ಬಿದ್ದ ಮಹಡಿಗಳನ್ನು ವಲಯದಿಂದ ಬೇರ್ಪಡಿಸಿ, ಪಡೆದ ತೆರಿಗೆ ರಿಯಾಯಿತಿ ವಾಪಸು ಕಟ್ಟಿ, ಹೊರಗಿನವರಿಗೆ ಬಾಡಿಗೆಗೆ ಕೊಡಬಹುದು ಎಂದರು. ಖಾಲಿ ಮಹಡಿ ಇಲ್ಲದಿದ್ದರೆ ಇಂಥ ನಿಯಮ ಯಾಕೆ ಬೇಕಿತ್ತು ಸ್ವಾಮಿ?

ಹಾಗಿದ್ದೂ ಕ್ರೇನುಗಳು ನಿಂತಿಲ್ಲ. ಕಾರಣ ಇದೆ. ವಿದೇಶಿ ಕಂಪನಿಗಳು ತಮ್ಮದೇ ಕಚೇರಿಗಳನ್ನು ಇಲ್ಲಿ ತೆರೀತಾ ಇವೆ. ಜಿಸಿಸಿ ಅಂತ ಹೆಸರು. 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕಂತಲೇ ನೀತಿ ಹೊರಡಿಸಿ, 2029ರೊಳಗೆ ಇನ್ನೂ 500 ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ ಎಂದು ಗುರಿ ಹಾಕಿಕೊಂಡಿತು. ಕಟ್ಟೋರಿಗೆ ಅಷ್ಟು ಸಾಕು.

ಆದರೆ ಬರೋರು ವಾರಕ್ಕೆಷ್ಟು ದಿನ? ಇಲ್ಲಿದೆ ಗಂಟು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ಐದೂ ದಿನ ಬನ್ನಿ ಎಂದಿತು. ವಿಪ್ರೋ ಅದೇ ವರ್ಷದ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ಹಲವರಿಗೆ ತಿಂಗಳಿಗೆ 10 ದಿನ ಎಂದು ಬಿಗಿ ಮಾಡಿತು. ಮೂರು ದಿನ ಬರುವವರು ಸಾಮಾನ್ಯವಾಗಿ ಆರಿಸಿಕೊಳ್ಳೋದು ಮಂಗಳ, ಬುಧ, ಗುರುವಾರ. ಆ ದಿನ ಲಿಫ್ಟಿಗೂ ಸಾಲು, ಸಿಗ್ನಲ್ಲಿಗೂ ಸಾಲು. ಶುಕ್ರವಾರ ದರ್ಶಿನಿಯಲ್ಲಿ ಮಾಡಿದ ಸಾಂಬಾರು ಉಳಿಯುತ್ತೆ. ಮೊದಲು ಐದು ದಿನದ ವ್ಯಾಪಾರ ನೋಡಿ ಅಂಗಡಿ ಬಾಡಿಗೆ ಒಪ್ಪಿಕೊಂಡವನಿಗೆ ಈಗ ಮೂರು ದಿನದ ಗಲ್ಲಾಪೆಟ್ಟಿಗೆ, ಮೂವತ್ತು ದಿನದ ಬಾಡಿಗೆ.

ನೀರಿನ ಮಾತು ಬೇರೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಹೊಡೆದಾಡುತ್ತಿದ್ದಾಗ, ಐಟಿಯವರನ್ನು ಮತ್ತೆ ಮನೆಗೆ ಕಳಿಸಿ ಎಂದು ಜನರೇ ಕೂಗೆಬ್ಬಿಸಿದ್ದರು. ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ 77.5 ಕೋಟಿ ಲೀಟರು ನೀರಿಗೆ ಚಾಲನೆ ಸಿಕ್ಕಿತು. ಹೊಸ ಗೋಪುರಗಳ ಸಂಪಿಗೂ ಅದರಲ್ಲಿ ಪಾಲು ಹೋಗಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ನಗರದ ನಡುಭಾಗದ ಬಹುಪಾಲು ಈಗ ಕೇಂದ್ರ ಪಾಲಿಕೆಗೆ ಸೇರಿದ್ದು. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ. ವ್ಯಾಪಾರಿಗೆ ಗುರುತುಚೀಟಿ, ಜಾಗ ಕೊಡಬೇಕು ಎನ್ನುತ್ತೆ. ಗೋಪುರದ ನಕ್ಷೆಗೆ ಮೊಹರು ಒತ್ತುವಾಗ ಎಷ್ಟು ಕಾರು ನಿಲ್ಲುತ್ತವೆ ಎಂದು ಕೇಳುವ ಅಧಿಕಾರಿಗಳು, ಕಾವಲುಗಾರ ಮಧ್ಯಾಹ್ನ ಎಲ್ಲಿ ಉಣ್ಣಬೇಕು, ಗಾಡಿಯವನು ಎಲ್ಲಿ ನಿಲ್ಲಬೇಕು ಅಂತಲೂ ಅದೇ ಕಾಗದದಲ್ಲಿ ಕೇಳಬಹುದಲ್ಲ?