ಪಾಡ್‌ಕಾಸ್ಟ್: ಕರಿಯನ ಕೆಮ್ಮು, ಸೊಳ್ಳೆ ಮತ್ತು ಹೃದಯದ ಹುಳು

ಹಿರಿಯೂರಿನ ನಮ್ಮನೆ ಕರಿಯ ಹೋದ ಮಳೆಗಾಲ ಮುಗಿದ ಮೇಲೆ ಕೆಮ್ಮೋಕೆ ಶುರು ಮಾಡಿದ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಅಮ್ಮ, ವಯಸ್ಸಾಯ್ತು ಅಂತ ನಾನು. ಡಾಕ್ಟ್ರು ಒಂದು ಹನಿ ರಕ್ತ ತೆಗೆದು ಮೈಕ್ರೋಸ್ಕೋಪಲ್ಲಿ ತೋರಿಸಿದರು. ದಾರದ ಚೂರಿನಂಥ ಮರಿಹುಳುಗಳು ಒದ್ದಾಡ್ತಿದ್ದವು.

ಇವಕ್ಕೆ ಮೈಕ್ರೋಫೈಲೇರಿಯಾ ಅಂತಾರೆ. ನಾಯಿಯ ರಕ್ತದಲ್ಲಿ ಎಷ್ಟು ದಿನ ಇದ್ದರೂ ಇವು ಅಲ್ಲೇ ದೊಡ್ಡ ಹುಳು ಆಗಲ್ಲ. ಮೊದಲು ಸೊಳ್ಳೆಯ ಹೊಟ್ಟೆ ಸೇರಬೇಕು. ಬೆಚ್ಚಗಿನ ಹವೆಯಲ್ಲಿ ಸುಮಾರು ಎರಡು ವಾರ ಅಲ್ಲಿ ಬೆಳೆದು, ಸೊಳ್ಳೆಯ ಬಾಯಿಗೆ ಬಂದು ಕಾಯುತ್ತವೆ. ಆ ಸೊಳ್ಳೆ ಇನ್ನೊಂದು ನಾಯಿಗೆ ಕಚ್ಚಿದಾಗ ಕಚ್ಚಿದ ತೂತಿನಿಂದಲೇ ಒಳಗೆ ನುಗ್ಗುತ್ತವೆ. ನೆಕ್ಕಿದರೆ, ಎಂಜಲು ತಿಂದರೆ ಅಂಟಲ್ಲ.

ಹೃದಯದ ಹುಳು, ಅಂದರೆ ಡೈರೋಫೈಲೇರಿಯಾ ಇಮ್ಮಿಟಿಸ್, ಮೊದಲು ಚರ್ಮದಡಿ, ಸ್ನಾಯುಗಳಲ್ಲಿ ಇದ್ದು, ಮೂರ್ನಾಲ್ಕು ತಿಂಗಳಲ್ಲಿ ಶ್ವಾಸಕೋಶದ ರಕ್ತನಾಳ ತಲುಪುತ್ತೆ. ಆರೇಳು ತಿಂಗಳಿಗೆ ಮರಿ ಹಾಕುತ್ತೆ. ಹೆಣ್ಣುಹುಳು ಹೆಚ್ಚೂಕಡಿಮೆ ಸ್ಕೂಲ್ ಸ್ಕೇಲಿನಷ್ಟು, 25ರಿಂದ 30 ಸೆಂಟಿಮೀಟರ್ ಉದ್ದ! ಐದರಿಂದ ಏಳು ವರ್ಷ ಬದುಕುತ್ತೆ. ರಕ್ತನಾಳ ದಪ್ಪಗಾಗಿ, ಹೃದಯದ ಬಲಭಾಗ ಸೋಲುತ್ತೆ. ಕೆಮ್ಮು, ಸುಸ್ತು, ಕೊನೆಗೆ ಹೊಟ್ಟೆಯಲ್ಲಿ ನೀರು.

ಬೆಕ್ಕಿನ ಕಥೆ ಬೇರೆ. ಅದರ ಮೈ ಈ ಹುಳುವಿಗೆ ಒಗ್ಗಲ್ಲ, ಹೆಚ್ಚಿನವು ಬೆಳೆಯೋ ಮೊದಲೇ ಸಾಯುತ್ತವೆ. ಆದರೆ ಸಾಯುವಾಗಲೇ ಶ್ವಾಸಕೋಶ ಊದಿಕೊಂಡು ಅಸ್ತಮಾದಂತೆ ಕಾಣುತ್ತೆ. ಒಂದೆರಡೇ ಹುಳು ಇರೋದರಿಂದ ಟೆಸ್ಟಲ್ಲೂ ತಪ್ಪಿಸಿಕೊಳ್ಳಬಹುದು. ಕೆಲವೊಮ್ಮೆ ಬೆಕ್ಕಿನ ದಿಢೀರ್ ಸಾವೇ ಮೊದಲ ಸೂಚನೆ.

ಬಯಲುಸೀಮೇಲಿ ಸೊಳ್ಳೆ ಎಲ್ಲಿ ಅಂತೀರಾ? ಚಿತ್ರದುರ್ಗದ ಮನೆಗಳ ಡ್ರಮ್ಮು, ಹೊಸದುರ್ಗದ ತೆಂಗಿನ ಚಿಪ್ಪು, ಹೊಳಲ್ಕೆರೆ ತೋಟದ ಅಡಿಕೆ ಹಾಳೆ. ಎರಡು ಲೋಟ ನೀರು ನಿಂತರೂ ಅದಕ್ಕೆ ಸಾಕು.

ಕರಿಯನಿಗೆ ಹೃದಯದ ಹುಳುವಿನ ಕಿಟ್ ಟೆಸ್ಟ್ ಮಾಡಿದಾಗ ನೆಗೆಟಿವ್ ಬಂತು. ಡಾಕ್ಟ್ರು ಹೇಳಿದ್ದು: ಇಮ್ಮಿಟಿಸ್ ಹೆಚ್ಚಾಗಿ ಸಿಗೋದು ಈಶಾನ್ಯ ರಾಜ್ಯಗಳ ಕಡೆ. ನಮ್ಮ ದಕ್ಷಿಣದಲ್ಲಿ ಅದರ ದಾಯಾದಿ ಡೈರೋಫೈಲೇರಿಯಾ ರೆಪೆನ್ಸ್ ಜಾಸ್ತಿ. ಅದೂ ಸೊಳ್ಳೆಯಿಂದಲೇ ಬರುತ್ತೆ, ಆದರೆ ವಾಸ ಚರ್ಮದಡಿ. ಕರಾವಳಿಯಲ್ಲಿ ಮನುಷ್ಯರ ಕಣ್ಣಿಂದಲೂ ಈ ಜಾತಿಯ ಹುಳು ತೆಗೆದಿದ್ದಾರೆ.

ಹಾಗಾದರೆ ಕೆಮ್ಮು? ಎಕ್ಸ್‌ರೇ ತೆಗೆದರೆ ಶ್ವಾಸನಾಳದ ತೊಂದರೆ. ಹುಳುವಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನಾನು ಎಡವುತ್ತಿದ್ದದ್ದು ಇಲ್ಲೇ. ಕುರಿ ಸಾಕುವ ಪಕ್ಕದ ಮನೆಯಣ್ಣ "ಐವರ್ಮೆಕ್ಟಿನ್ ಐತೆ, ಒಂದು ಚುಚ್ಚಿಬಿಡಾಣ" ಅಂದಿದ್ದ. ಕುರಿಗೆ ಕೊಡುವ ಡೋಸು ಕೆಜಿಗೆ 200 ಮೈಕ್ರೋಗ್ರಾಂ. ಹೃದಯದ ಹುಳು ಬರದಂತೆ ನಾಯಿಗೆ ತಿಂಗಳಿಗೊಮ್ಮೆ ಕೊಡುವುದು ಬರೀ 6. ರಕ್ತದ ತುಂಬ ಮರಿಹುಳು ಇರುವಾಗ ಅವೆಲ್ಲ ಒಮ್ಮೆಲೇ ಸತ್ತರೆ ನಾಯಿ ಶಾಕ್‌ಗೆ ಹೋಗಬಹುದು. ಡಾಕ್ಟ್ರು ಈಗ ತೂಕ ನೋಡಿ ಔಷಧಿ ಕೊಡ್ತಿದ್ದಾರೆ. ಮುಂದಿನ ರಕ್ತಪರೀಕ್ಷೆ ಆರು ತಿಂಗಳಿಗೆ. ಕರಿಯ ಇನ್ನೂ ಸ್ವಲ್ಪ ಕೆಮ್ಮುತ್ತಾನೆ, ಆದರೆ ಗೇಟಿನ ತನಕ ಓಡ್ತಾನೆ.