ತಂಗುದಾಣದ ನೆರಳು ಎಲ್ಲಿ ಬೀಳುತ್ತದೆ?

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ, ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಸ್ ತಂಗುದಾಣದ ಚಾವಣಿಯ ನೆರಳು ಸರಿಯಾಗಿ ಅದರ ಕೆಳಗೇ ಬೀಳುತ್ತದೆ. ನಕ್ಷೆಯಲ್ಲಿ ತೋರಿಸುವ ತಂಗುದಾಣಗಳ ನೆರಳೆಲ್ಲ ಇದೇ ರೀತಿಯದು. ಆದರೆ ಕಾಲೇಜಿಗೆ, ಗಾರ್ಮೆಂಟ್ಸ್‌ಗೆ, ಕಚೇರಿಗೆ ಹೊರಟವರು ಬಸ್ಸಿಗೆ ಕಾಯುವುದು ಬೆಳಗ್ಗೆ ಎಂಟರ ಆಸುಪಾಸಿನಲ್ಲಿ, ಮರಳಿ ಬರುವಾಗ ಕಾಯುವುದು ಸಂಜೆ ನಾಲ್ಕೂವರೆಯ ಮೇಲೆ. ಏಪ್ರಿಲ್‌ನಲ್ಲಿ ಈ ಎರಡೂ ಹೊತ್ತಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಎರಡೂವರೆ ಮೀಟರ್ ಎತ್ತರದ ಚಾವಣಿಯ ನೆರಳು ಆಗ ನೆಲದ ಮೇಲೆ 4.3 ಮೀಟರ್ ಆಚೆ ಸರಿಯುತ್ತದೆ. ತಂಗುದಾಣದ ಆಳ ಒಂದೂವರೆ ಮೀಟರ್, ಹೆಚ್ಚೆಂದರೆ ಎರಡು. ಪೂರ್ವಕ್ಕೆ ಮುಖಮಾಡಿದ ತಂಗುದಾಣವಾದರೆ ಬೆಳಗಿನ ನೆರಳು ಹಿಂದಿನ ಕಾಂಪೌಂಡಿನೊಳಗೆ ಬಿದ್ದಿರುತ್ತದೆ. ಹಿಂಬದಿಗೆ ಒತ್ತಿಕೊಂಡು ನಿಂತವರ ತಲೆಗಷ್ಟೇ ಒಂದಿಷ್ಟು ರಕ್ಷಣೆ, ಬೆಂಚಿನ ಮೇಲೆ ಕುಳಿತವರಿಗೆ ಅದೂ ಇಲ್ಲ.

ಇಳಿಬಿಸಿಲು ಮೆತ್ತಗಿರುತ್ತದೆ, ಸಹಿಸಬಹುದು ಎಂದು ನಾವು ಅಂದುಕೊಳ್ಳುತ್ತೇವೆ. ನಿಂತಿರುವ ದೇಹದ ಮಟ್ಟಿಗೆ ಇದು ನಿಜವಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಬಿಸಿಲು ತಾಗುವುದು ತಲೆ, ಭುಜಗಳಿಗೆ ಮಾತ್ರ. ಸೂರ್ಯ ಇಳಿದಂತೆ ಎದೆ, ಬೆನ್ನು, ತೊಡೆ ಎಲ್ಲವೂ ಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ಸುಮ್ಮನೆ ನಿಂತ ವಯಸ್ಕರ ದೇಹ ಸುಮಾರು 100 ವ್ಯಾಟ್ ಶಾಖವನ್ನು ತಾನೇ ಉತ್ಪಾದಿಸುತ್ತದೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ಶುಭ್ರ ಆಕಾಶದ ನೇರ ಬಿಸಿಲಿನಿಂದ ದೇಹ ಹೀರಿಕೊಳ್ಳುವುದು ಸುಮಾರು 200 ವ್ಯಾಟ್. ಅಂದರೆ ದೇಹ ಹೊರಹಾಕಬೇಕಾದ ಶಾಖ ಮೂರು ಪಟ್ಟಾಗುತ್ತದೆ. ಹವಾಮಾನ ವರದಿಯ ಉಷ್ಣಾಂಶ ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಬಸ್ಸಿಗೆ ಕಾಯುವವರ ಪಾಡು ಅದರಲ್ಲಿ ಕಾಣಿಸುವುದಿಲ್ಲ.

ಹಾಗಾಗಿ ತಂಗುದಾಣಕ್ಕೆ ಚಾವಣಿಯಷ್ಟೇ ಮುಖ್ಯವಾದದ್ದು ನಿಲುವಾದ ಮರೆ. ಅದು ಯಾವ ದಿಕ್ಕಿಗೆ ಬೇಕೆಂಬುದನ್ನು ರಸ್ತೆ ಹೇಳುತ್ತದೆ. ಉತ್ತರ ದಕ್ಷಿಣವಾಗಿ ಸಾಗುವ ರಸ್ತೆಯ ಎರಡೂ ಬದಿಯಲ್ಲಿ ಒಂದೇ ಅಚ್ಚಿನ ತಂಗುದಾಣ ನಿಲ್ಲಿಸಿದರೆ ಒಂದು ಬದಿಯವರಿಗೆ ಬೆಳಗಿನ ಬಿಸಿಲು, ಇನ್ನೊಂದು ಬದಿಯವರಿಗೆ ಸಂಜೆಯ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಪೂರ್ವ ಪಶ್ಚಿಮದ ರಸ್ತೆಯಲ್ಲಿ ಬಿಸಿಲು ಬರುವುದು ತುದಿಗಳಿಂದ. ಇಡೀ ನಗರಕ್ಕೆ ಒಂದೇ ವಿನ್ಯಾಸವೆಂದರೆ ಗುತ್ತಿಗೆದಾರರಿಗೆ ಅನುಕೂಲ, ಸೂರ್ಯನಿಗೆ ಅದರ ಹಂಗಿಲ್ಲ.

ಚಾವಣಿ ಯಾವುದರದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಣ್ಣ ಬಳಿದ ಒಂಟಿ ತಗಡು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದುಕೊಳ್ಳಿ. ಅದು ಕೆಳಗಿನವರ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತದೆ. 35 ಡಿಗ್ರಿಯಲ್ಲಿರುವ ಚಾವಣಿಗೆ ಹೋಲಿಸಿದರೆ ಪ್ರತಿ ಚದರ ಮೀಟರ್ ತಗಡು ಹೊಮ್ಮಿಸುವ ಹೆಚ್ಚುವರಿ ಶಾಖ ಸುಮಾರು 170 ವ್ಯಾಟ್. ಬಿಸಿಲು ತಪ್ಪಿತು, ಕಾವು ತಪ್ಪಲಿಲ್ಲ. ಮೇಲ್ಮೈಗೆ ಬಿಳಿ ಬಣ್ಣ, ಕೆಳಗೆ ಇನ್ನೊಂದು ಪದರ, ನಡುವೆ ಗಾಳಿಯಾಡಲು ಒಂದು ಗೇಣು ಜಾಗ ಇಷ್ಟಿದ್ದರೆ ಬಹುಪಾಲು ಪರಿಹಾರ ಸಿಕ್ಕಿತು. ಹೊಳಪಿನ ಸ್ಟೇನ್‌ಲೆಸ್ ಸ್ಟೀಲ್ ಹೀರಿಕೊಂಡ ಬಿಸಿಲನ್ನು ಕಿರಣಗಳಾಗಿ ಹೊರಬಿಡುವುದರಲ್ಲಿ ಬಲು ಜುಗ್ಗ, ಆದ್ದರಿಂದ ಬಿಸಿಲಿಗೆ ಬಿದ್ದ ಸ್ಟೀಲ್ ಬೆಂಚು ಕಾದು ಕೂರಲಾಗದಂತಾಗುತ್ತದೆ. ಮುದುಕರಿಗೆ, ಬಸುರಿಯರಿಗೆ ಕೂರಲೆಂದು ಹಾಕಿದ ಬೆಂಚು ಅವರಿಗೇ ಒದಗದಿದ್ದರೆ ಆ ಖರ್ಚು ಯಾಕೆ? ಕಡಪ ಕಲ್ಲೋ ಮರದ ಪಟ್ಟಿಯೋ ನೆರಳಿನಲ್ಲಿದ್ದರೆ ಸಾಕು.

ಎಲ್ಲಕ್ಕಿಂತ ಒಳ್ಳೆಯ ಚಾವಣಿ ಮರ. ಎಲೆಗಳು ಬಿಡುವ ಪ್ರತಿ ಗ್ರಾಂ ನೀರಾವಿ ಸುಮಾರು 2400 ಜೌಲ್ ಶಾಖವನ್ನು ಹೊತ್ತೊಯ್ಯುವುದರಿಂದ, ಬಿಸಿಲಿನಲ್ಲಿದ್ದರೂ ಎಲೆಯ ಉಷ್ಣಾಂಶ ಗಾಳಿಯದಕ್ಕಿಂತ ಹೆಚ್ಚು ಏರುವುದಿಲ್ಲ. ಹೊಂಗೆಯ ನೆರಳು ತಗಡಿನ ನೆರಳಿಗಿಂತ ತಂಪೆನಿಸುವುದಕ್ಕೆ ಕಾರಣ ಇದೇ. ಇಪ್ಪತ್ತು ವರ್ಷದ ಹೊಂಗೆಯನ್ನು ಕಡಿದು ಅದೇ ಜಾಗದಲ್ಲಿ ತಂಗುದಾಣ ನಿಲ್ಲಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಕರಾವಳಿ, ಮಲೆನಾಡಿಗೆ ಬಂದರೆ ಸಮಸ್ಯೆ ಬಿಸಿಲಲ್ಲ, ಇರಚಲು. ಎರಡು ಮಿಲಿಮೀಟರ್ ದಪ್ಪದ ಮಳೆಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯೂ ಅಷ್ಟೇ ವೇಗದಲ್ಲಿ, ಅಂದರೆ ಗಂಟೆಗೆ 23 ಕಿಲೋಮೀಟರ್‌ನಂತೆ ಬೀಸಿದರೆ ಮಳೆ 45 ಡಿಗ್ರಿ ಓರೆಯಾಗುತ್ತದೆ. ಚಾವಣಿಯ ಅಂಚು ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ನೀರು ಒಳಕ್ಕೆ ಎರಡೂವರೆ ಮೀಟರ್ ನುಗ್ಗುತ್ತದೆ, ತಂಗುದಾಣದ ನೆಲವಿಡೀ ತೊಯ್ದುಹೋಗುತ್ತದೆ. ಮಂಗಳೂರಿನ ಜುಲೈ ತಿಂಗಳಲ್ಲಿ ಇಂಥ ಗಾಳಿ ಅಪರೂಪವೇನಲ್ಲ. ಮಲೆನಾಡಿನ ಹಳೆಯ ಮನೆಗಳ ಮಾಡು ತಲೆ ತಗ್ಗಿಸಿ ಒಳಗೆ ಹೋಗಬೇಕಾದಷ್ಟು ಕೆಳಕ್ಕೆ ಇಳಿದಿರುವುದೂ, ಮಳೆಗಾಲಕ್ಕೆ ಮುನ್ನ ಜಗಲಿಗೆ ಅಡಕೆ ಸೋಗೆಯ ತಟ್ಟಿ ಕಟ್ಟುವುದೂ ಈ ಇರಚಲಿಗೆ ಹೆದರಿಯೇ. ಬಸ್ಸಿನ ಕನ್ನಡಿ ಬಡಿಯದಂತೆ ಚಾವಣಿಯ ಮುಂದಿನ ಅಂಚನ್ನು ರಸ್ತೆಯಿಂದ ತುಸು ಹಿಂದಕ್ಕೆ ಸರಿಸಬೇಕಾಗುತ್ತದೆ, ತೀರಾ ಕೆಳಗಿಳಿಸಲೂ ಆಗದು. ಆದರೆ ಬೆನ್ನಿಗೆ ಮತ್ತು ಗಾಳಿ ಬರುವ ಪಕ್ಕಕ್ಕೆ ಪೂರ್ತಿ ಗೋಡೆ ಕೊಡಲು ಏನೂ ಅಡ್ಡಿಯಿಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಂಡರೆ ಸಿಗುವುದೇನು? ಅಮೆರಿಕದ ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಯಿಂಗ್ಲಿಂಗ್ ಫ್ಯಾನ್, ಆ್ಯಂಡ್ರ್ಯೂ ಗುತ್ರಿ, ಡೇವಿಡ್ ಲೆವಿನ್ಸನ್ ಎಂಬ ಸಂಶೋಧಕರು ಪ್ರಯಾಣಿಕರು ನಿಜವಾಗಿ ಕಾದ ಹೊತ್ತನ್ನು ವಿಡಿಯೊದಲ್ಲಿ ದಾಖಲಿಸಿ, ಎಷ್ಟು ಹೊತ್ತು ಕಾದಂತೆನಿಸಿತೆಂದು ಅವರನ್ನೇ ಕೇಳಿ, ಎರಡನ್ನೂ ಹೋಲಿಸಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಏನೂ ಇಲ್ಲದ ನಿಲ್ದಾಣದಲ್ಲಿ ಕಾದದ್ದು ನಿಜಕ್ಕಿಂತ ಹೆಚ್ಚು ಹೊತ್ತು ಎನಿಸುತ್ತದೆ. ಬೆಂಚು, ಚಾವಣಿ, ಬಸ್ ಯಾವಾಗ ಬರುತ್ತದೆಂಬ ಮಾಹಿತಿ ಇದ್ದಲ್ಲಿ ಆ ಭಾರ ಬಹಳಷ್ಟು ಇಳಿಯುತ್ತದೆ. ಸುರಕ್ಷಿತವಲ್ಲ ಎನಿಸಿದ ಜಾಗದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದ ಹೆಂಗಸರಿಗೆ ಕಾಯುವ ಹೊತ್ತು ಗಂಡಸರಿಗಿಂತ ಎಷ್ಟೋ ದೀರ್ಘವೆನಿಸುತ್ತದೆ. ಅಲ್ಲಿಯದೇ ಇನ್ನೊಂದು ಅಧ್ಯಯನ ನಿಲ್ದಾಣದ ಬಳಿ ಬೆಳೆದ ಮರಗಳಿದ್ದರೆ ಕಾಯುವ ಹೊತ್ತು ಕಡಿಮೆ ಎನಿಸುವುದನ್ನು ಕಂಡಿತು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಕರ್ನಾಟಕದ ನಿಲ್ದಾಣಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿರುವುದು ಕಣ್ಣಿಗೇ ಕಾಣುತ್ತದೆ. ಹೆಚ್ಚು ಬಸ್ ಬಿಡಲು ಕೋಟಿಗಟ್ಟಲೆ ಬೇಕು. ಒಂದು ದೀಪ, ಒಂದು ಬೆಂಚು, ಎರಡು ಮರೆಗಳಿಗೆ ಅಷ್ಟು ಬೇಡ.

ಆ ಹಣವಾದರೂ ಎಲ್ಲಿಂದ ಬರಬೇಕು? ಇವತ್ತು ಜಗತ್ತಿನ ಹಲವು ದೊಡ್ಡ ನಗರಗಳು ಅನುಸರಿಸುವ ದಾರಿಯನ್ನು ತೋರಿಸಿದವರು ಫ್ರಾನ್ಸಿನ ಜಾನ್ ಕ್ಲೋಡ್ ದೆಕೊ. 1964ರಲ್ಲಿ ಅವರು ಲಿಯಾನ್ ನಗರದ ಮುಂದೆ ಒಂದು ಪ್ರಸ್ತಾಪ ಇಟ್ಟರು: ತಂಗುದಾಣ ಕಟ್ಟುವುದು, ತೊಳೆಯುವುದು, ಒಡೆದರೆ ಸರಿಮಾಡುವುದು ಎಲ್ಲ ನಮ್ಮ ಖರ್ಚು, ಬದಲಿಗೆ ಅದರ ಮೇಲೆ ಜಾಹೀರಾತು ಹಾಕುವ ಹಕ್ಕು ಕೊಡಿ. ನಗರದ ಬೊಕ್ಕಸದಿಂದ ಬಿಡಿಗಾಸೂ ಹೋಗದ ಈ ಏರ್ಪಾಡು ಬುದ್ಧಿವಂತಿಕೆಯದೇ. ಇದರಿಂದ ಲಕ್ಷಾಂತರ ಜನರಿಗೆ ಸೂರು ಸಿಕ್ಕಿದೆ, ಅಲ್ಲಗಳೆಯುವಂತಿಲ್ಲ.

ಆದರೆ ಹಣ ಕೊಡುವವರು ನೋಡುವುದು ನಿಂತವರನ್ನಲ್ಲ, ಹಾದುಹೋಗುವವರನ್ನು. ಜಾಹೀರಾತಿಗೆ ಬೆಲೆ ಬರುವುದು ಕಾರುಗಳು ನಿಧಾನವಾಗುವ ಸಿಗ್ನಲ್ ಬಳಿ, ಕೊಳ್ಳುವ ಶಕ್ತಿಯಿರುವ ಬಡಾವಣೆಗಳಲ್ಲಿ. ಅರ್ಧ ಗಂಟೆಗೊಂದು ಬಸ್ ಬರುವ ಹೊರವಲಯದ ನಿಲ್ದಾಣಕ್ಕೆ, ಅತಿ ಹೆಚ್ಚು ಹೊತ್ತು ಕಾಯುವವರಿರುವ ಜಾಗಕ್ಕೆ, ಆ ಹಣ ತಲುಪುವುದೇ ಇಲ್ಲ. ವಿನ್ಯಾಸದ ಮೇಲೂ ಇದರ ಗುರುತು ಬೀಳುತ್ತದೆ. ನಾವು ಎಡಬದಿ ಸಂಚಾರದವರು, ಆದ್ದರಿಂದ ರಸ್ತೆಗೆ ಮುಖಮಾಡಿ ನಿಂತರೆ ಬಸ್ ಬರುವುದು ಬಲಗಡೆಯಿಂದ. ಬರುವ ವಾಹನಗಳಿಗೆ ಮೊದಲು ಕಾಣುವುದರಿಂದ ಜಾಹೀರಾತು ಫಲಕಕ್ಕೂ ಬಲತುದಿಯೇ ಪ್ರಶಸ್ತ. ಅಲ್ಲಿ ಫಲಕ ನಿಲ್ಲಿಸಿದೊಡನೆ ಒಳಗೆ ಕುಳಿತವರಿಗೆ ಬಸ್ ಕಾಣದಾಗುತ್ತದೆ. ಜನ ಎದ್ದು ರಸ್ತೆಗಿಳಿಯುತ್ತಾರೆ, ಬಸ್ಸು ಅವರನ್ನು ತಪ್ಪಿಸಲು ಇನ್ನಷ್ಟು ನಡುರಸ್ತೆಯಲ್ಲಿ ನಿಲ್ಲುತ್ತದೆ, ಬಸ್ಸಿನ ಎಡಪಕ್ಕ, ಹತ್ತುವವರ ನಡುವೆ ಬೈಕುಗಳು ನುಗ್ಗುತ್ತವೆ. ಜನರಿಗೆ ಶಿಸ್ತಿಲ್ಲ ಎಂದು ಬೈಯುವುದು ಇದನ್ನೇ. ಅದೇ ಫಲಕವನ್ನು ಎಡತುದಿಗೆ ಸರಿಸಿ, ಬಲತುದಿಯನ್ನು ತೆರೆದಿಟ್ಟರೆ ಬರುವ ವಾಹನದವರಿಗೆ ತಂಗುದಾಣದ ಮೂಲಕವೇ ಜಾಹೀರಾತು ಕಾಣುತ್ತದೆ, ಕುಳಿತವರಿಗೆ ಬಸ್ಸೂ ಕಾಣುತ್ತದೆ. ಬಲದಿಂದ ಬಿಸಿಲು ಬೀಳುವ ಕಡೆ ಅಗಲ ಸಂದಿನ ಅಡ್ಡಪಟ್ಟಿಗಳ ಮರೆ ಸಾಕು.

ಲಾಸ್ ಏಂಜಲೀಸ್‌ನ ಕಥೆ ನಮಗೆ ಹತ್ತಿರದ್ದು. ಅಲ್ಲೂ ಸುಡುಬಿಸಿಲು, ಅಲ್ಲೂ ಬಸ್ ಹತ್ತುವವರು ಹೆಚ್ಚಾಗಿ ಬಡವರು. 2001ರಲ್ಲಿ ನಗರ ಜಾಹೀರಾತು ಕಂಪನಿಯೊಂದಿಗೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಒಂದೊಂದು ತಂಗುದಾಣಕ್ಕೂ ಹಲವು ಇಲಾಖೆಗಳ ಅನುಮತಿ ಬೇಕಾಗಿ, ಒಪ್ಪಿಕೊಂಡ ಸಂಖ್ಯೆ ಮುಟ್ಟದೆಯೇ ಅವಧಿ ಮುಗಿಯಿತು. 2023ರ ಮೇ ತಿಂಗಳಲ್ಲಿ ಬಸ್ ನಿಲ್ದಾಣದ ಕಂಬಕ್ಕೇ ಸಿಕ್ಕಿಸುವ, ತೂತುತೂತಾದ ಸಣ್ಣ ಲೋಹದ ಹಲಗೆಯೊಂದನ್ನು ‘ಲಾ ಸೋಂಬ್ರಿತಾ’ ಎಂಬ ಹೆಸರಿನಲ್ಲಿ ಪ್ರಯೋಗಕ್ಕಿಟ್ಟಾಗ ಇಡೀ ದೇಶ ನಕ್ಕಿತು. ನೆರಳು ಒಬ್ಬರಿಗೂ ಸಾಲದು ಎಂಬ ಟೀಕೆ ಸರಿಯೇ. ಆದರೆ ವಿನ್ಯಾಸಕಾರರು ಕಂಬಕ್ಕೆ ಮೊರೆಹೋಗಿದ್ದು ನೆಲದ ಮೇಲೆ ಏನನ್ನಾದರೂ ನಿಲ್ಲಿಸಲು ಬೇಕಾದ ಅನುಮತಿಗಳ ಸರಮಾಲೆಯಿಂದ ಪಾರಾಗಲು.

ನಮ್ಮ ಊರುಗಳಲ್ಲಿ ಹಣಕ್ಕೆ ಇನ್ನೆರಡು ಮೂಲಗಳಿವೆ. ಒಂದು, ಶಾಸಕರ ಮತ್ತು ಸಂಸದರ ನಿಧಿ. 1993ರಲ್ಲಿ ಆರಂಭವಾದ ಸಂಸದರ ನಿಧಿ ಈಗ ವರ್ಷಕ್ಕೆ 5 ಕೋಟಿ ರೂಪಾಯಿ. ಅದು ಆಸ್ತಿ ಕಟ್ಟುವುದಕ್ಕೆ ಇರುವ ಹಣ, ಕಸ ಗುಡಿಸುವುದಕ್ಕೆ, ಬಲ್ಬು ಬದಲಿಸುವುದಕ್ಕೆ ಅಲ್ಲ. ಇನ್ನೊಂದು, ತೀರಿಕೊಂಡ ಅಪ್ಪನ ಅಥವಾ ಅಮ್ಮನ ಸ್ಮರಣಾರ್ಥ ಮನೆಯವರು ಕಟ್ಟಿಸಿಕೊಡುವ ತಂಗುದಾಣ. ಕರಾವಳಿಯ ಹಳ್ಳಿಗಳಲ್ಲಿ ಇಂಥವು ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡಿನೊಂದಿಗೆ ಗಟ್ಟಿಯಾಗಿ ನಿಂತಿವೆ, ಹತ್ತಿರದ ಅಂಗಡಿಯವರೇ ಗುಡಿಸುವುದೂ ಉಂಟು. ಇರಚಲನ್ನು ತಡೆಯುವುದರಲ್ಲಿ ನಗರದ ಸ್ಟೀಲ್ ತಂಗುದಾಣಗಳು ಇವುಗಳ ಮುಂದೆ ನಿಲ್ಲಲಾರವು.

ಜಾಹೀರಾತಿನ ಹಣವನ್ನು ಬೇಡವೆನ್ನಬೇಕಿಲ್ಲ. ಟೆಂಡರ್ ಬರೆಯುವ ರೀತಿ ಬದಲಾಗಬೇಕು. ಲಾಭದ ಹತ್ತು ನಿಲ್ದಾಣ ಬೇಕೆಂದವರು ಹೊರವಲಯದ ಹತ್ತನ್ನೂ ವಹಿಸಿಕೊಳ್ಳಬೇಕು. ಉರಿಯದ ದೀಪಕ್ಕೆ, ಮುರಿದ ಬೆಂಚಿಗೆ ದಿನದ ಲೆಕ್ಕದಲ್ಲಿ ದಂಡ ಬೀಳಬೇಕು. ಜಾಹೀರಾತು ಬರಲಿ ಬಿಡಲಿ, ಪ್ರಯಾಣಿಕರ ತಲೆಯ ಮೇಲಿನ ದೀಪಕ್ಕೆ ಬೇರೆಯದೇ ವೈರು, ಬೇರೆಯದೇ ಬಿಲ್ಲು ಇರಬೇಕು, ಇಲ್ಲವಾದರೆ ಗುತ್ತಿಗೆ ಮುಗಿದ ರಾತ್ರಿಯೇ ನಿಲ್ದಾಣ ಕತ್ತಲಾಗುತ್ತದೆ. ತಂಗುದಾಣದ ಉದ್ದ, ಅಗಲ, ಸ್ಟೀಲಿನ ದಪ್ಪ ಬರೆಯುವ ಪುಟದಲ್ಲಿ ಇನ್ನೊಂದು ಅಳತೆಯನ್ನೂ ಸೇರಿಸಬೇಕು: ಏಪ್ರಿಲ್ ತಿಂಗಳ ಬೆಳಗ್ಗೆ ಎಂಟಕ್ಕೂ ಸಂಜೆ ನಾಲ್ಕೂವರೆಗೂ ಬೆಂಚಿನ ಮಟ್ಟದಲ್ಲಿ ಎಷ್ಟು ಚದರ ಮೀಟರ್ ನೆರಳು ಬೀಳಬೇಕು ಎಂಬುದು. ಇದನ್ನು ಪರೀಕ್ಷಿಸಲು ಬೇಕಾದದ್ದು ಒಂದು ಅಳತೆ ಟೇಪು ಮಾತ್ರ, ಹಣ ಪಾವತಿಸುವ ಮುನ್ನ ಎಂಜಿನಿಯರ್ ಆ ಎರಡು ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಅಳೆಯಬೇಕು.